ಕೂದಲೆಳೆಗಿಂತ ಕಿರಿದಾದ ಸಂದು

ತುಂಬಿಸಿದ ಹಲ್ಲು ಮತ್ತೆ ಹುಳುಕಾಗುವುದೇಕೆ? ಬಾಯಿಯಲ್ಲಿಯೇ ಗಟ್ಟಿಗೊಳಿಸಿದ ತುಂಬಿಕೆ ಮೇಲೋ, ಹೊರಗೆ ಸಿದ್ಧಪಡಿಸಿ ತಂದು ಅಂಟಿಸಿದ ತುಂಬಿಕೆ ಮೇಲೋ?

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆ ಗಾದೆ ಹುಟ್ಟಿದ ಕಾಲದಲ್ಲಿ ಹುಳುಕು ಹಲ್ಲಿಗೆ ಇದ್ದ ಚಿಕಿತ್ಸೆ ಬಹುಮಟ್ಟಿಗೆ ಒಂದೇ ಬಗೆಯದು. ಲವಂಗವನ್ನು ಕಚ್ಚಿಕೊಂಡು ನೋವನ್ನು ತಡೆಯುವಷ್ಟು ದಿನ ತಡೆಯುವುದು. ತಡೆಯಲಾರದ ದಿನ ಹಲ್ಲನ್ನು ಕೀಳಿಸಿಬಿಡುವುದು. ಇಂದು ಆ ದುಃಸ್ಥಿತಿಯಿಲ್ಲ. ಹುಳುಕಾದ ಭಾಗವನ್ನು ಕೊರೆದು ತೆಗೆದು, ಆ ಕುಳಿಯನ್ನು ಹಲ್ಲಿನದೇ ಬಣ್ಣದ ಕಾಂಪೋಸಿಟ್ ಎಂಬ ದ್ರವ್ಯದಿಂದ ತುಂಬಿ, ನೀಲಿ ಬೆಳಕನ್ನು ಕೆಲವು ಕ್ಷಣ ಹಾಯಿಸಿದರೆ ಕೆಲಸ ಮುಗಿಯಿತು. ಕನ್ನಡಿಯ ಮುಂದೆ ನಿಂತು ನೋಡಿದರೆ ಯಾವುದು ಹಲ್ಲು, ಯಾವುದು ತುಂಬಿಕೆ ಎಂದು ಹಲ್ಲಿನ ಒಡೆಯನಿಗೇ ತಿಳಿಯದು.

ಆದರೆ ಕೆಲವರ ಪಾಲಿಗೆ ಈ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕೆಲವು ವರ್ಷ ಕಳೆದ ಮೇಲೆ ಒಂದು ದಿನ ತಣ್ಣೀರು ತಗಲಿದೊಡನೆಯೇ ಅದೇ ಹಲ್ಲು ಜುಮ್ಮೆನ್ನುತ್ತದೆ. ವೈದ್ಯರು ಎಕ್ಸ್‌ರೇ ತೆಗೆದು ನೋಡಿ, ತುಂಬಿಕೆಯ ಅಡಿಯಲ್ಲಿ ಮತ್ತೆ ಹುಳುಕು ಹಿಡಿದಿದೆ ಎನ್ನುತ್ತಾರೆ. ತುಂಬಿಕೆ ಒಡೆದಿಲ್ಲ, ಕಳಚಿಲ್ಲ, ಸವೆದೂ ಇಲ್ಲ. ಹಾಗಾದರೆ ಹುಳುಕು ಒಳಹೊಕ್ಕ ದಾರಿ ಯಾವುದು?

ದಾರಿ ಇರುವುದು ಅಂಚಿನಲ್ಲಿ. ಹಲ್ಲೂ ತುಂಬಿಕೆಯೂ ಒಂದನ್ನೊಂದು ಮುಟ್ಟುವ ಗೆರೆಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಸಂದಿನಲ್ಲಿ. ಈ ಸಂದನ್ನು ಮುಚ್ಚುವ ಸಲುವಾಗಿ ದಂತವಿಜ್ಞಾನಿಗಳು ಎಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಹೋರಾಡುತ್ತ ಬಂದಿದ್ದಾರೆ.

ಕವಚ, ಕೊಳವೆ, ತಿರುಳು

ಕನ್ನಡದಲ್ಲಿ ಹುಳುಕು ಎಂಬ ಮಾತಿನೊಳಗೇ ಹುಳುವಿದೆ. ಹಲ್ಲನ್ನು ಹುಳು ತಿನ್ನುತ್ತದೆಂದು ಪ್ರಪಂಚದ ಅನೇಕ ಜನಾಂಗಗಳು ಬಹುಕಾಲ ನಂಬಿದ್ದವು. ಬರ್ಲಿನ್ನಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಅಮೆರಿಕದ ದಂತವೈದ್ಯ ಡಬ್ಲ್ಯು. ಡಿ. ಮಿಲ್ಲರ್ ೧೮೯೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿಜವಾದ ಅಪರಾಧಿಯನ್ನು ಹಿಡಿದು ತೋರಿಸಿದನು. ಬಾಯಿಯಲ್ಲಿ ನೆಲೆಸಿರುವ ಸೂಕ್ಷ್ಮಾಣುಗಳು ಸಿಹಿಯನ್ನೂ ಹಿಟ್ಟಿನ ಅಂಶವನ್ನೂ ಹುದುಗಿಸಿ ಆಮ್ಲವನ್ನುಂಟುಮಾಡುತ್ತವೆ; ಆ ಆಮ್ಲವೇ ಹಲ್ಲನ್ನು ಕರಗಿಸುತ್ತದೆ.

ಹಲ್ಲಿನ ಹೊರಕವಚಕ್ಕೆ ಎನಾಮಲ್ ಎಂದು ಹೆಸರು. ತೂಕದಲ್ಲಿ ನೂರಕ್ಕೆ ೯೬ರಷ್ಟು ಖನಿಜವೇ ಆಗಿರುವ ಇದು ಶರೀರದಲ್ಲೆಲ್ಲ ಅತ್ಯಂತ ಗಟ್ಟಿಯಾದ ವಸ್ತು. ಅದರ ಒಳಗಡೆ ಡೆಂಟಿನ್ ಎಂಬ ಪದರವಿದೆ. ಇದರಲ್ಲಿ ಖನಿಜ ನೂರಕ್ಕೆ ಸುಮಾರು ೭೦ ಮಾತ್ರ. ಉಳಿದುದು ಕೊಲಾಜನ್ ಎಂಬ ನಾರು ಮತ್ತು ನೀರು. ಡೆಂಟಿನ್ನಿನ ತುಂಬ ಅತಿ ಸೂಕ್ಷ್ಮವಾದ ಕೊಳವೆಗಳಿದ್ದು, ಅವು ಹಲ್ಲಿನ ನಡುವೆ ಇರುವ ತಿರುಳಿನ ಕಡೆಗೆ ಸಾಗುತ್ತವೆ. ತಿರುಳಿನ ಬಳಿ ಒಂದು ಚದರ ಮಿಲಿಮೀಟರ್ ಜಾಗದಲ್ಲಿ ಇಂಥ ಕೊಳವೆಗಳು ಸುಮಾರು ೪೫,೦೦೦ ಇರುತ್ತವೆ. ಒಂದೊಂದರ ಅಗಲ ಎರಡು ಮೈಕ್ರಾನಿನ ಆಸುಪಾಸು. ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು ೭೦ ಮೈಕ್ರಾನ್. ಸೂಕ್ಷ್ಮಾಣುವಿನ ಗಾತ್ರವಾದರೋ ಒಂದು ಮೈಕ್ರಾನಿನ ಆಸುಪಾಸು. ಅಂದ ಮೇಲೆ ಕೂದಲೆಳೆಯ ಹತ್ತರಲ್ಲೊಂದು ಭಾಗದಷ್ಟು ಸಂದು ಸಹ ಅದಕ್ಕೆ ರಾಜಮಾರ್ಗವೇ ಸರಿ.

ಒಳಗಿನ ತಿರುಳಿನಲ್ಲಿ ರಕ್ತನಾಳಗಳೂ ನರಗಳೂ ಇವೆ. ಹಲ್ಲಿನ ಜೀವ ಇರುವುದು ಅಲ್ಲಿಯೇ. ಆ ಜೀವಕ್ಕೆ ನಿಜವಾದ ಶತ್ರು ಯಾರೆಂಬುದನ್ನು ೧೯೬೫ರಲ್ಲಿ ಅಮೆರಿಕದ ಕಾಕೆಹಾಶಿ, ಸ್ಟ್ಯಾನ್ಲಿ ಮತ್ತು ಫಿಟ್ಸ್‌ಜೆರಾಲ್ಡ್ ಎಂಬ ಮೂವರು ಸಂಶೋಧಕರು ಒಂದು ಸರಳ ಪ್ರಯೋಗದಿಂದ ತೋರಿಸಿಕೊಟ್ಟರು. ಅವರು ಇಲಿಗಳ ದವಡೆಹಲ್ಲನ್ನು ಕೊರೆದು ತಿರುಳನ್ನು ಬಯಲುಮಾಡಿ ಹಾಗೆಯೇ ಬಿಟ್ಟರು. ಸಾಮಾನ್ಯ ಇಲಿಗಳಲ್ಲಿ ತಿರುಳು ಕೊಳೆತು ಸತ್ತಿತು. ಆದರೆ ಹುಟ್ಟಿನಿಂದಲೂ ಸೂಕ್ಷ್ಮಾಣುಗಳ ಸೋಂಕೇ ಇಲ್ಲದಂತೆ ಸಾಕಿದ ಇಲಿಗಳಲ್ಲಿ, ಆಹಾರದ ಚೂರುಗಳು ಗಾಯದೊಳಕ್ಕೆ ಸಿಕ್ಕಿಕೊಂಡರೂ, ತಿರುಳು ಬದುಕಿ ಉಳಿಯಿತು. ಅಷ್ಟೇ ಅಲ್ಲದೆ ಗಾಯದ ಮೇಲೆ ಹೊಸ ಡೆಂಟಿನ್ನಿನ ಸೇತುವೆಯನ್ನು ತಾನಾಗಿಯೇ ಕಟ್ಟಿಕೊಂಡಿತು.

ಇದರ ಅರ್ಥ ಸ್ಪಷ್ಟವಾಗಿದೆ. ಸೂಕ್ಷ್ಮಾಣುಗಳನ್ನು ಹೊರಗಿಟ್ಟರೆ ಹಲ್ಲು ತನ್ನನ್ನು ತಾನು ಕಾಪಾಡಿಕೊಳ್ಳಬಲ್ಲದು. ಕುಳಿಯನ್ನು ತುಂಬುವುದಕ್ಕಿಂತಲೂ ಕುಳಿಯ ಬಾಯನ್ನು ಭದ್ರವಾಗಿ ಮುಚ್ಚುವುದೇ ತುಂಬಿಕೆಯ ಹಿರಿಯ ಕರ್ತವ್ಯ.

ಅಂಚಿನಿಂದ ಹೊಮ್ಮಿದ ಹನಿಗಳು

ತುಂಬಿಕೆಗಳು ಈ ಕರ್ತವ್ಯದಲ್ಲಿ ಎಷ್ಟರಮಟ್ಟಿಗೆ ತಪ್ಪುತ್ತಿದ್ದವೆಂಬುದು ೧೯೫೨ರಲ್ಲಿ ಕಣ್ಣಿಗೆ ಕಾಣುವಂತೆ ಬೆಳಕಿಗೆ ಬಂದಿತು. ಆಗ ಹಲ್ಲಿನ ಬಣ್ಣದ ತುಂಬಿಕೆಗೆ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕನ್ನು ಬಳಸುತ್ತಿದ್ದರು. ಅಮೆರಿಕದ ನೆಲ್ಸನ್, ವೋಲ್ಕಾಟ್ ಮತ್ತು ಪಾಫೆನ್‌ಬರ್ಗರ್ ಎಂಬ ವಿಜ್ಞಾನಿಗಳು ಹೀಗೆ ತುಂಬಿಸಿದ ಹಲ್ಲುಗಳನ್ನು ತಣ್ಣನೆಯ ನೀರಿನಲ್ಲಿಟ್ಟು ತೆಗೆದು, ಬೆರಳಿನ ಬಿಸಿಯನ್ನು ತಗಲಿಸಿ ನೋಡಿದರು. ತುಂಬಿಕೆಯ ಸುತ್ತಲೂ ಅಂಚಿನಿಂದ ಸಣ್ಣ ಸಣ್ಣ ನೀರಹನಿಗಳು ಹೊಮ್ಮಿದವು!

ಕಾರಣ ಕಠಿಣವಾದುದಲ್ಲ. ಶಾಖಕ್ಕೆ ಅಕ್ರಿಲಿಕ್ ಹಿಗ್ಗುವ ಪ್ರಮಾಣ ಎನಾಮಲ್ ಹಿಗ್ಗುವುದರ ಏಳೆಂಟು ಪಟ್ಟು. ತಣ್ಣನೆಯ ಪಾನೀಯ ಕುಡಿದಾಗ ತುಂಬಿಕೆ ಹಲ್ಲಿಗಿಂತ ಹೆಚ್ಚಾಗಿ ಕುಗ್ಗುತ್ತದೆ. ಆಗ ಸಂದು ತೆರೆದು ಬಾಯಿಯ ನೀರು ಒಳನುಗ್ಗುತ್ತದೆ. ಮೇಲೆ ಬಿಸಿ ಕಾಫಿ ಕುಡಿದರೆ ತುಂಬಿಕೆ ಹಿಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಹೀಗೆ ಪ್ರತಿಯೊಂದು ಊಟ ತಿಂಡಿಯಲ್ಲಿಯೂ ಹಲ್ಲಿನ ಅಂಚು ಸಣ್ಣದೊಂದು ಪಂಪಿನಂತೆ ಕೆಲಸ ಮಾಡುತ್ತಿತ್ತು. ಸೂಕ್ಷ್ಮ ಸೋರಿಕೆ ಎಂದು ದಂತವೈದ್ಯರು ಕರೆಯುವುದು ಇದನ್ನೇ.

ಆ ಕಾಲದ ಬೆಳ್ಳಿ ಬಣ್ಣದ ತುಂಬಿಕೆ, ಅಂದರೆ ಪಾದರಸ ಬೆರೆಸಿದ ಅಮಾಲ್ಗಮ್, ಈ ವಿಷಯದಲ್ಲಿ ಒಂದು ವಿಚಿತ್ರವಾದ ಗುಣವನ್ನು ಹೊಂದಿತ್ತು. ಅದು ಹಲ್ಲಿಗೆ ಅಂಟುವುದಿಲ್ಲ. ಮೊದಮೊದಲು ಅದರ ಅಂಚಿನಲ್ಲಿಯೂ ಸೋರಿಕೆಯುಂಟು. ಆದರೆ ದಿನಗಳೆದಂತೆ ಲೋಹ ತುಸು ತುಕ್ಕು ಹಿಡಿದು, ಆ ತುಕ್ಕೇ ಸಂದಿನಲ್ಲಿ ತುಂಬಿಕೊಂಡು ದಾರಿಯನ್ನು ಮುಚ್ಚುತ್ತದೆ. ತನ್ನ ದೋಷದಿಂದಲೇ ತನ್ನ ಕೊರತೆಯನ್ನು ತುಂಬಿಕೊಳ್ಳುವ ವಸ್ತು ಅದು. ಆದರೆ ಪಾದರಸದ ವಿಷ ನೆಲ ಜಲಗಳನ್ನು ಸೇರುವುದನ್ನು ತಡೆಯಲೋಸುಗ ೨೦೧೩ರಲ್ಲಿ ಮಿನಮಾಟ ಒಪ್ಪಂದವಾಯಿತು. ಭಾರತವೂ ಅದನ್ನು ಒಪ್ಪಿಕೊಂಡಿದೆ. ಯೂರೋಪಿನ ಒಕ್ಕೂಟದಲ್ಲಿ ೨೦೨೫ರ ಜನವರಿ ೧ರಿಂದ, ವೈದ್ಯಕೀಯವಾಗಿ ಅನಿವಾರ್ಯವಾದಾಗ ಹೊರತು, ಅಮಾಲ್ಗಮ್ ಬಳಕೆಯೇ ನಿಂತಿದೆ. ಆದುದರಿಂದ ತುಕ್ಕಿನ ನೆರವಿಲ್ಲದ ಕಾಂಪೋಸಿಟ್ಟಿನ ಅಂಚನ್ನು ಭದ್ರಪಡಿಸುವ ಪ್ರಶ್ನೆ ಹಿಂದೆಂದಿಗಿಂತಲೂ ಮುಖ್ಯವಾಗಿದೆ.

ಆಮ್ಲವೇ ಅಂಟಿಗೆ ನೆರವಾಯಿತು

ಹಲ್ಲನ್ನು ಕರಗಿಸುವ ಆಮ್ಲದಿಂದಲೇ ಹಲ್ಲನ್ನು ಕಾಯುವ ಉಪಾಯ ಹೊಳೆದುದು ಅಮೆರಿಕದ ರಾಚೆಸ್ಟರ್ ನಗರದಲ್ಲಿದ್ದ ಮೈಕೆಲ್ ಬ್ಯುಓನೊಕೋರ್ ಎಂಬ ವಿಜ್ಞಾನಿಗೆ. ಲೋಹಗಳಿಗೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲವನ್ನು ಮೊದಲೇ ಸವರುವುದುಂಟು. ಹಲ್ಲಿಗೂ ಹೀಗೇಕೆ ಮಾಡಬಾರದು ಎಂದು ಆತನು ಯೋಚಿಸಿದನು. ನೂರಕ್ಕೆ ೮೫ರಷ್ಟು ತೀಕ್ಷ್ಣವಾದ ಆ ಆಮ್ಲವನ್ನು ಎನಾಮಲ್ಲಿನ ಮೇಲೆ ೩೦ ಸೆಕೆಂಡು ಇರಿಸಿ ತೊಳೆದು, ಅಕ್ರಿಲಿಕ್ಕಿನ ಹನಿಗಳನ್ನು ಅಂಟಿಸಿದನು. ಆಮ್ಲ ಸೋಂಕಿಸದ ಹಲ್ಲಿನಿಂದ ಹನಿಗಳು ಬೇಗನೆ ಉದುರಿಹೋದವು. ಆಮ್ಲ ಸೋಂಕಿಸಿದ ಹಲ್ಲಿನ ಮೇಲೆ ಬಹುದಿನ ಕಚ್ಚಿಕೊಂಡು ನಿಂತವು. ಈ ಶೋಧನೆ ೧೯೫೫ರಲ್ಲಿ ಪ್ರಕಟವಾಯಿತು. ಗೋಡೆಗೆ ಗಾರೆ ಹಿಡಿಯಲೆಂದು ಗಾರೆಯವನು ನುಣುಪಾದ ಮೈಯನ್ನು ಕೊಚ್ಚಿ ಒರಟು ಮಾಡುವಂತೆ, ಆಮ್ಲವು ಎನಾಮಲ್ಲಿನಲ್ಲಿ ಅಸಂಖ್ಯಾತ ಸೂಕ್ಷ್ಮ ರಂಧ್ರಗಳನ್ನು ಮಾಡುತ್ತದೆ. ದ್ರವರೂಪದ ಕೃತಕ ರಾಳ ಅವುಗಳೊಳಕ್ಕೆ ಇಳಿದು ಗಟ್ಟಿಯಾಗಿ ಬೇರೂರುತ್ತದೆ. ಇಂದು ಬಳಸುವ ಆಮ್ಲ ನೂರಕ್ಕೆ ೩೫ರಿಂದ ೩೭ರಷ್ಟು ಮಾತ್ರ.

ಕರ್ನಾಟಕದ ವೈದ್ಯರು ಇಲ್ಲಿ ಒಂದು ವಿಶೇಷವಾದ ತೊಡಕನ್ನು ಎದುರಿಸಬೇಕಾಗುವುದುಂಟು. ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು ಮುಂತಾದ ಬಯಲುಸೀಮೆಯ ಜಿಲ್ಲೆಗಳ ಹಲವು ಊರುಗಳಲ್ಲಿ ನೆಲದಡಿಯ ನೀರಿನಲ್ಲಿ ಫ್ಲೋರೈಡ್ ಅಂಶ ಅತಿಯಾಗಿದೆ. ಅಂಥ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಬಿಳಿಯ ಅಥವಾ ಕಂದು ಬಣ್ಣದ ಮಚ್ಚೆಗಳು ಮೂಡುತ್ತವೆ. ಅಂಥ ಹಲ್ಲಿನ ಹೊರಪದರ ಆಮ್ಲಕ್ಕೆ ಸುಲಭವಾಗಿ ಮಣಿಯುವುದಿಲ್ಲ. ವೈದ್ಯರು ಆ ಪದರವನ್ನು ತುಸು ಉಜ್ಜಿ ತೆಗೆಯಬೇಕಾಗಬಹುದು, ಇಲ್ಲವೆ ಆಮ್ಲವನ್ನು ಹೆಚ್ಚು ಹೊತ್ತು ಇರಿಸಬೇಕಾಗಬಹುದು.

ಅಂಟಿನ ಬಳಿಕ ಉತ್ತಮವಾದ ತುಂಬಿಕೆಯೂ ಬೇಕಲ್ಲವೇ? ಅಮೆರಿಕದ ರಾಫೆಲ್ ಬೋವೆನ್ ಎಂಬಾತನು ಬಿಸ್-ಜಿಎಂಎ ಎಂಬ ಹೊಸ ರಾಳವನ್ನು ಸಿದ್ಧಪಡಿಸಿ, ಅದರಲ್ಲಿ ಗಾಜಿನಂಥ ಸಿಲಿಕಾ ಪುಡಿಯನ್ನು ಬೆರೆಸಿ, ೧೯೬೨ರಲ್ಲಿ ಪೇಟೆಂಟ್ ಪಡೆದನು. ಇಂದಿನ ಕಾಂಪೋಸಿಟ್ಟುಗಳ ಮೂಲಪುರುಷ ಇದೇ. ರಾಳ ಅಂಟಿದರೆ ಪುಡಿ ಬಲ ಕೊಡುತ್ತದೆ. ಹಿಗ್ಗು ಕುಗ್ಗುಗಳೂ ಅಕ್ರಿಲಿಕ್ಕಿಗಿಂತ ಬಹಳ ಕಡಿಮೆ.

ಎನಾಮಲ್ ಒಲಿಯಿತು, ಡೆಂಟಿನ್ ಅಷ್ಟು ಸುಲಭವಾಗಿ ಒಲಿಯಲಿಲ್ಲ. ಕೊಳವೆಗಳಿಂದ ಸದಾ ದ್ರವ ಜಿನುಗುವ ಆ ಒದ್ದೆ ನೆಲದಲ್ಲಿ ರಾಳ ನಿಲ್ಲುವುದು ಹೇಗೆ? ೧೯೮೨ರಲ್ಲಿ ಜಪಾನಿನ ನೊಬುಒ ನಾಕಾಬಾಯಾಶಿ ಇದಕ್ಕೆ ಉತ್ತರ ಕೊಟ್ಟರು. ಆಮ್ಲವು ಡೆಂಟಿನ್ನಿನ ಖನಿಜವನ್ನು ತೆಗೆದಾಗ ಕೊಲಾಜನ್ ನಾರಿನ ಬಲೆ ಉಳಿಯುತ್ತದೆ. ರಾಳವು ಈ ಬಲೆಯೊಳಕ್ಕೆ ಇಂಗಿ ಗಟ್ಟಿಯಾದರೆ, ಅರ್ಧ ಹಲ್ಲೂ ಅರ್ಧ ರಾಳವೂ ಆದ ಒಂದು ಮಿಶ್ರ ಪದರ ಹುಟ್ಟುತ್ತದೆ. ಆದರೆ ಈ ಬೆಸುಗೆ ಎನಾಮಲ್ಲಿನದರಷ್ಟು ಚಿರಾಯುವಲ್ಲ. ನೀರಿನ ಅಂಶದಿಂದಲೂ, ಡೆಂಟಿನ್ನಿನಲ್ಲಿಯೇ ಅಡಗಿರುವ ಕೆಲವು ಕಿಣ್ವಗಳಿಂದಲೂ ಅದು ವರ್ಷಗಳು ಕಳೆದಂತೆ ಸಡಿಲಗೊಳ್ಳುವುದುಂಟು.

ಹಸಿ ಮರದ ಬಾಗಿಲು

ಕಾಂಪೋಸಿಟ್ಟಿಗೆ ಹುಟ್ಟಿನೊಡನೆಯೇ ಬಂದ ಒಂದು ದೋಷವಿದೆ. ಮೆತ್ತನೆಯ ಮುದ್ದೆಯಲ್ಲಿ ರಾಳದ ಅಣುಗಳು ಬಿಡಿಬಿಡಿಯಾಗಿರುತ್ತವೆ. ಬೆಳಕು ತಗಲಿದೊಡನೆ ಅವು ಕೈ ಕೈ ಹಿಡಿದು ಸರಪಳಿಗಳಾಗುತ್ತವೆ. ಹಾಗೆ ಹತ್ತಿರ ಬರುವಾಗ ಒಟ್ಟು ಗಾತ್ರ ಕುಗ್ಗುತ್ತದೆ. ಸಾಮಾನ್ಯವಾಗಿ ನೂರಕ್ಕೆ ಎರಡು ಮೂರು ಭಾಗ. ಕೇಳಲು ಅಲ್ಪವಾದರೂ ಪರಿಣಾಮ ಅಲ್ಪವಲ್ಲ.

ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುವುದನ್ನು ಕಂಡವರುಂಟು. ಪಟ್ಟಿ ಆರಿದಂತೆಲ್ಲ ಕುಗ್ಗಿ ಚಕ್ರವನ್ನು ಬಿಗಿಯಾಗಿ ಅಪ್ಪುತ್ತದೆ. ಹೊರಗಿನಿಂದ ಸುತ್ತಿದ ವಸ್ತು ಕುಗ್ಗಿದರೆ ಲಾಭ. ಕುಳಿಯ ಒಳಗೆ ತುಂಬಿದ ವಸ್ತು ಕುಗ್ಗಿದರೆ ನಷ್ಟ. ಕೆರೆಯ ಕೆಸರು ಒಣಗುವಾಗ ದಂಡೆಯಿಂದ ಬಿಟ್ಟುಕೊಳ್ಳುವಂತೆ, ತುಂಬಿಕೆ ಗೋಡೆಯಿಂದ ಸರಿಯಲೆಳಸುತ್ತದೆ. ಅಂಟು ಬಲವಾಗಿದ್ದರೆ ಹಲ್ಲಿನ ಗೋಡೆಯೇ ಒಳಕ್ಕೆ ಎಳೆಯಲ್ಪಡುತ್ತದೆ. ಕಚ್ಚಿದಾಗ ನೋವು ಕಾಣಿಸಬಹುದು. ಅಂಟು ಸೋತರೆ ಅಲ್ಲಿ ಸಂದು ಬೀಳುತ್ತದೆ. ಕುಳಿಯ ಆಕಾರಕ್ಕೂ ಇದಕ್ಕೂ ಇರುವ ಸಂಬಂಧವನ್ನು ೧೯೮೭ರಲ್ಲಿ ಹಾಲೆಂಡಿನ ಫೈಲ್ಸರ್, ಡ ಖೇ ಮತ್ತು ಡೇವಿಡ್ಸನ್ ಎಂಬವರು ತೋರಿಸಿದರು. ತುಂಬಿಕೆ ಅಂಟಿಕೊಂಡಿರುವ ಮುಖಗಳು ಹೆಚ್ಚಾಗಿ, ಬಿಡುವಾಗಿರುವ ಮುಖಗಳು ಕಡಿಮೆಯಾದಷ್ಟೂ ಎಳೆತ ಹೆಚ್ಚು. ದವಡೆಹಲ್ಲಿನ ನಡುವಣ ಪೆಟ್ಟಿಗೆಯಂಥ ಕುಳಿಯಲ್ಲಿ ಅಂಟುವ ಮುಖಗಳು ಐದು, ಬಿಡುವಾದ ಮುಖ ಒಂದೇ ಒಂದು.

ನೇರ ತುಂಬಿಕೆ ಮಾಡುವ ವೈದ್ಯರು ಇದನ್ನರಿತೇ ಕಾಂಪೋಸಿಟ್ಟನ್ನು ಒಮ್ಮೆಗೇ ತುಂಬದೆ, ಎರಡು ಮಿಲಿಮೀಟರ್ ದಪ್ಪದ ಪದರಗಳಾಗಿ ಇಟ್ಟು, ಒಂದೊಂದಕ್ಕೂ ಬೆಳಕು ಹಾಯಿಸುತ್ತಾರೆ. ಬೆಳಕು ಆಳಕ್ಕೆ ತಲಪಲಿ ಎಂಬುದೂ ಇದರ ಉದ್ದೇಶ. ಈಚಿನ ವರ್ಷಗಳಲ್ಲಿ ನಾಲ್ಕು ಮಿಲಿಮೀಟರ್ ವರೆಗೆ ಒಂದೇ ಸಲ ತುಂಬಬಹುದಾದ ದ್ರವ್ಯಗಳೂ ಬಂದಿವೆ. ಇಷ್ಟಾದರೂ ಕುಗ್ಗುವಿಕೆ ಕಡಿಮೆಯಾದೀತೇ ಹೊರತು ಇಲ್ಲವಾಗುವುದಿಲ್ಲ.

ಹಸಿ ಮರದಿಂದ ಬಾಗಿಲು ಮಾಡಿದರೆ ಏನಾಗುವುದೆಂದು ಬಡಗಿಗೆ ಗೊತ್ತು. ಚೌಕಟ್ಟಿನಲ್ಲಿ ನಿಂತ ಮೇಲೆ ಮರ ಒಣಗಿ ಕುಗ್ಗಿ ಸಂದು ಬಿಡುತ್ತದೆ. ಆದುದರಿಂದ ಆತನು ಮರವನ್ನು ಮೊದಲೇ ಒಣಗಿಸಿಕೊಳ್ಳುತ್ತಾನೆ. ಕುಗ್ಗುವುದೆಲ್ಲ ಕುಗ್ಗಿ ಮುಗಿದ ಮೇಲೆ ಅಳತೆಗೆ ಕೊಯ್ಯುತ್ತಾನೆ. ಪರೋಕ್ಷ ತುಂಬಿಕೆಯ ತತ್ತ್ವ ಇದೇ.

ಬಾಯಿಯ ಹೊರಗೆ ಕುಗ್ಗಲಿ

ಪರೋಕ್ಷ ವಿಧಾನದಲ್ಲಿ ವೈದ್ಯರು ಕುಳಿಯನ್ನು ಸಿದ್ಧಪಡಿಸಿ ಅದರ ಅಚ್ಚನ್ನು ತೆಗೆದುಕೊಳ್ಳುತ್ತಾರೆ. ಪ್ರಯೋಗಶಾಲೆಯಲ್ಲಿ ಆ ಅಚ್ಚಿನಿಂದ ಹಲ್ಲಿನ ಪ್ರತಿಕೃತಿಯನ್ನು ಮಾಡಿ, ಅದರ ಮೇಲೆ ಕಾಂಪೋಸಿಟ್ಟಿನ ತುಂಡನ್ನು ರೂಪಿಸಿ, ಬೆಳಕಿನಿಂದಲೂ ಶಾಖದಿಂದಲೂ, ಕೆಲವೊಮ್ಮೆ ಒತ್ತಡದಿಂದಲೂ ಗಟ್ಟಿಗೊಳಿಸುತ್ತಾರೆ. ಈ ತುಂಡಿಗೆ ಇನ್‌ಲೇ ಎಂದು ಹೆಸರು. ಎರಡನೆಯ ಭೇಟಿಯಲ್ಲಿ ಅದನ್ನು ರಾಳದ ಸಿಮೆಂಟಿನಿಂದ ಹಲ್ಲಿಗೆ ಅಂಟಿಸುತ್ತಾರೆ.

ಲೆಕ್ಕವನ್ನು ನೋಡಬಹುದು. ನಾಲ್ಕು ಮಿಲಿಮೀಟರ್ ಅಗಲದ ತುಂಬಿಕೆಯೊಂದು ಅಗಲದಲ್ಲಿ ನೂರಕ್ಕೆ ಒಂದು ಭಾಗ ಕುಗ್ಗಿದರೆ ಆಗುವ ವ್ಯತ್ಯಾಸ ೪೦ ಮೈಕ್ರಾನ್. ಇನ್‌ಲೇಯಲ್ಲಿ ಈ ೪೦ ಮೈಕ್ರಾನಿನ ಕುಗ್ಗುವಿಕೆ ಬಾಯಿಯ ಹೊರಗೆ ಮುಗಿದುಹೋಗಿರುತ್ತದೆ. ಬಾಯಿಯೊಳಗೆ ಕುಗ್ಗುವುದು ಸಿಮೆಂಟಿನ ತೆಳುಪದರ ಮಾತ್ರ. ಅದರ ದಪ್ಪ ೧೦೦ ಮೈಕ್ರಾನ್ ಎಂದಿಟ್ಟುಕೊಂಡು, ನೂರಕ್ಕೆ ಮೂರು ಭಾಗ ದಪ್ಪದಲ್ಲಿಯೇ ಕುಗ್ಗಿತೆಂದರೂ ಅದು ಮೂರೇ ಮೈಕ್ರಾನ್. ನಲವತ್ತೆಲ್ಲಿ, ಮೂರೆಲ್ಲಿ!

ಆದರೆ ಈ ವಿಧಾನಕ್ಕೂ ತನ್ನದೇ ಆದ ತೆರಿಗೆಯುಂಟು. ಇನ್‌ಲೇ ಸರಾಗವಾಗಿ ಒಳಗಿಳಿಯಬೇಕಾದರೆ ಕುಳಿಯ ಬಾಯಿ ತಳಕ್ಕಿಂತ ಅಗಲವಾಗಿರಬೇಕು. ಅದಕ್ಕಾಗಿ ಆರೋಗ್ಯವಾಗಿರುವ ಹಲ್ಲನ್ನೂ ತುಸು ಕೊರೆಯಬೇಕಾಗುತ್ತದೆ. ಪೂರ್ಣವಾಗಿ ಗಟ್ಟಿಯಾದ ಕಾಂಪೋಸಿಟ್ಟಿನಲ್ಲಿ ಕೈ ಚಾಚಿ ನಿಂತ ಅಣುಗಳು ಕಡಿಮೆಯಾದುದರಿಂದ ಸಿಮೆಂಟು ಅದಕ್ಕೆ ಸುಲಭವಾಗಿ ಹತ್ತುವುದಿಲ್ಲ. ಆದುದರಿಂದ ಅದರ ಒಳಮೈಯನ್ನು ಅಲ್ಯುಮಿನಾ ಪುಡಿಯನ್ನು ಸಿಡಿಸಿ ಒರಟುಗೊಳಿಸಬೇಕು. ಎರಡು ಭೇಟಿಗಳ ನಡುವಣ ದಿನಗಳಲ್ಲಿ ತಾತ್ಕಾಲಿಕ ತುಂಬಿಕೆ ಇರುತ್ತದೆ. ಅದರ ಅಂಚು ಸೋರಿದರೆ ಡೆಂಟಿನ್ ಮಲಿನವಾಗುತ್ತದೆ. ಇದನ್ನು ತಪ್ಪಿಸಲೆಂದು ಅನೇಕ ವೈದ್ಯರು ಈಗ ಮೊದಲ ಭೇಟಿಯಲ್ಲಿಯೇ, ಅಚ್ಚು ತೆಗೆಯುವುದಕ್ಕೆ ಮುಂಚೆ, ಡೆಂಟಿನ್ನಿಗೆ ಅಂಟುದ್ರವವನ್ನು ಹಚ್ಚಿ ಮುಚ್ಚಿಬಿಡುತ್ತಾರೆ. ಕೊನೆಯದಾಗಿ, ಇನ್‌ಲೇ ಹಲ್ಲಿಗೆ ಸರಿಯಾಗಿ ಹೊಂದದಿದ್ದರೆ ಸಿಮೆಂಟಿನ ಗೆರೆ ದಪ್ಪವಾಗುತ್ತದೆ, ಅಗಿಯುವಾಗ ಅದೇ ಮೊದಲು ಸವೆಯುತ್ತದೆ. ಖರ್ಚೂ ಸಹಜವಾಗಿಯೇ ಹೆಚ್ಚು.

ಬಣ್ಣ ಹೇಳಿದ ಸಾಕ್ಷಿ

ಎರಡು ವಿಧಾನಗಳಲ್ಲಿ ಯಾವುದು ಹೆಚ್ಚು ಭದ್ರವೆಂದು ನಿರ್ಣಯಿಸಲು ಪ್ರಯೋಗಶಾಲೆಗಳಲ್ಲಿ ಒಂದು ಪರೀಕ್ಷೆ ರೂಢಿಯಲ್ಲಿದೆ. ಚಿಕಿತ್ಸೆಗಾಗಿ ಕಿತ್ತ ಹಲ್ಲುಗಳಲ್ಲಿ ಒಂದೇ ಅಳತೆಯ ಕುಳಿಗಳನ್ನು ಕೊರೆದು, ಕೆಲವನ್ನು ನೇರವಾಗಿಯೂ ಕೆಲವನ್ನು ಪರೋಕ್ಷವಾಗಿಯೂ ತುಂಬುತ್ತಾರೆ. ಬಳಿಕ ೫ ಡಿಗ್ರಿಯ ತಣ್ಣೀರಿಗೂ ೫೫ ಡಿಗ್ರಿಯ ಬಿಸಿನೀರಿಗೂ ನೂರಾರು ಸಲ, ಕೆಲವೊಮ್ಮೆ ಸಾವಿರಾರು ಸಲ, ಮುಳುಗಿಸುತ್ತಾರೆ. ಐಸ್‌ಕ್ರೀಮು ಕಾಫಿಗಳ ಕಾಟವನ್ನು ಅನುಕರಿಸುವ ಕ್ರಮವಿದು. ತುಂಬಿಕೆಯ ಅಂಚಿನ ಸುತ್ತ ಒಂದು ಮಿಲಿಮೀಟರ್ ಬಿಟ್ಟು ಉಳಿದ ಹಲ್ಲಿಗೆಲ್ಲ ಉಗುರಿನ ಬಣ್ಣವನ್ನು ಬಳಿಯುತ್ತಾರೆ. ಹಲ್ಲನ್ನು ಮೆಥಿಲೀನ್ ಬ್ಲೂ ಮುಂತಾದ ಬಣ್ಣದ ದ್ರಾವಣದಲ್ಲಿ ಅದ್ದಿಟ್ಟು, ನಡುವೆ ಸೀಳಿ, ಬಣ್ಣ ಎಷ್ಟು ದೂರ ಒಳನುಗ್ಗಿದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಅಂಕ ಕೊಡುತ್ತಾರೆ. ಸೊನ್ನೆ ಎಂದರೆ ಸೋರಿಕೆಯಿಲ್ಲ. ಅತಿ ಹೆಚ್ಚಿನ ಅಂಕವೆಂದರೆ ಬಣ್ಣ ತಳವನ್ನು ಮುಟ್ಟಿದೆ ಎಂದರ್ಥ.

ಇಂಥ ಹಲವು ಪರೀಕ್ಷೆಗಳು ಎರಡು ಮಾತುಗಳನ್ನು ಹೇಳುತ್ತವೆ. ಮೊದಲನೆಯದು: ಅಂಚು ಎನಾಮಲ್ಲಿನ ಮೇಲಿದ್ದರೆ ಎರಡೂ ಬಗೆಯ ತುಂಬಿಕೆಗಳು ಚೆನ್ನಾಗಿಯೇ ಮುಚ್ಚುತ್ತವೆ, ಸೋರಿಕೆ ಅತ್ಯಲ್ಪ. ಎರಡನೆಯದು: ಹುಳುಕು ಆಳವಾಗಿ, ಅಂಚು ಒಸಡಿನ ಕಡೆಗೆ ಎನಾಮಲ್ ಮುಗಿದು ಬೇರಿನ ಭಾಗ ಮೊದಲಾಗುವಲ್ಲಿಗೆ ಇಳಿದಿದ್ದರೆ ಎರಡೂ ಹೆಚ್ಚಾಗಿ ಸೋರುತ್ತವೆ. ಪರೋಕ್ಷ ತುಂಬಿಕೆಯ ಮೇಲುಗೈ ಕಾಣಿಸಿಕೊಳ್ಳುವುದು ಮುಖ್ಯವಾಗಿ ಇಲ್ಲಿ. ಅನೇಕ ಪರೀಕ್ಷೆಗಳಲ್ಲಿ ಆ ತಳದ ಅಂಚಿನಲ್ಲಿ ಬಣ್ಣ ನೇರ ತುಂಬಿಕೆಯಲ್ಲಿ ನುಗ್ಗಿದಷ್ಟು ದೂರ ಇನ್‌ಲೇಯ ಕೆಳಗೆ ನುಗ್ಗಲಿಲ್ಲ. ಆದರೆ ಸಂಪೂರ್ಣವಾಗಿ ತಡೆದ ತುಂಬಿಕೆಯೂ ಇಲ್ಲ, ಎಲ್ಲ ಪರೀಕ್ಷೆಗಳೂ ಒಂದೇ ತೀರ್ಪನ್ನು ಕೊಟ್ಟಿಲ್ಲ.

ಬಾಯಿ ಕೊಟ್ಟ ತೀರ್ಪು

ಹಾಗಾದರೆ ಹೆಚ್ಚು ಹಣ ತೆತ್ತು ಇನ್‌ಲೇ ಮಾಡಿಸುವುದೇ ಜಾಣತನವೇ? ಇಲ್ಲಿ ಪ್ರಯೋಗಶಾಲೆಯ ಮೇಜನ್ನು ಬಿಟ್ಟು ಜೀವಂತ ಬಾಯಿಯನ್ನು ಕೇಳಬೇಕಾಗುತ್ತದೆ. ಡೆನ್ಮಾರ್ಕಿನ ಉಲ್ಲಾ ಪಾಲೆಸೆನ್ ಮತ್ತು ವಿಬೆಕೆ ಕ್ವಿಸ್ಟ್ ಎಂಬ ಇಬ್ಬರು ಸಂಶೋಧಕಿಯರು ದವಡೆಹಲ್ಲುಗಳ ನೇರ ತುಂಬಿಕೆಗಳನ್ನೂ ಇನ್‌ಲೇಗಳನ್ನೂ ೧೧ ವರ್ಷ ಕಾಲ ಗಮನಿಸುತ್ತ ಬಂದು ೨೦೦೩ರಲ್ಲಿ ಫಲವನ್ನು ಪ್ರಕಟಿಸಿದರು. ಬಾಳಿಕೆಯಲ್ಲಿ ಎರಡಕ್ಕೂ ಗಣನೀಯವಾದ ಅಂತರ ಕಂಡುಬರಲಿಲ್ಲ. ಅನಂತರ ಇಂಥ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಗಳೂ ಹೆಚ್ಚು ಕಡಿಮೆ ಇದೇ ಅಭಿಪ್ರಾಯಕ್ಕೆ ಬಂದಿವೆ.

ಸೋರಿಕೆ ಕಡಿಮೆಯಾದರೂ ಬಾಳಿಕೆ ಏಕೆ ಹೆಚ್ಚಲಿಲ್ಲ? ಮೊದಲನೆಯದಾಗಿ, ಬಣ್ಣದ ಅಣು ಸೂಕ್ಷ್ಮಾಣುವಿಗಿಂತ ನೂರಾರು ಪಟ್ಟು ಚಿಕ್ಕದು. ಬಣ್ಣ ನುಗ್ಗಿದ ದಾರಿಯಲ್ಲೆಲ್ಲ ಸೂಕ್ಷ್ಮಾಣು ನುಗ್ಗಲಾರದು. ಎರಡನೆಯದಾಗಿ, ಕಿತ್ತ ಹಲ್ಲಿನಲ್ಲಿ ಜೀವವಿಲ್ಲ. ಬಾಯಿಯಲ್ಲಿರುವ ಹಲ್ಲಿಗೆ ಜೊಲ್ಲಿನ ಖನಿಜಗಳ ನೆರವುಂಟು, ಕೊಳವೆಗಳನ್ನು ಒಳಗಿನಿಂದ ಮುಚ್ಚಿಕೊಳ್ಳುವ ಶಕ್ತಿಯುಂಟು. ಮೂರನೆಯದಾಗಿ, ಸಂದು ತಾನೇ ಹುಳುಕನ್ನು ಹುಟ್ಟಿಸುವುದಿಲ್ಲ. ಸಂದಿನ ಬಾಯಲ್ಲಿ ಸೂಕ್ಷ್ಮಾಣುಗಳ ಕೊಳೆ ಕಟ್ಟಿ, ಅದಕ್ಕೆ ಸಿಹಿಯ ಮೇವು ಮೇಲಿಂದ ಮೇಲೆ ದೊರೆತಾಗಲೇ ಆಮ್ಲ ಹುಟ್ಟುವುದು. ಮಿಲ್ಲರ್ ೧೮೯೦ರಲ್ಲಿ ಹೇಳಿದ ಮಾತು ತುಂಬಿಸಿದ ಹಲ್ಲಿಗೂ ಅನ್ವಯಿಸುತ್ತದೆ. ಇನ್ನು ಕೆಲವು ತುಂಬಿಕೆಗಳು ಕೆಡುವುದು ಹುಳುಕಿನಿಂದಲ್ಲ, ಒಡೆಯುವುದರಿಂದ.

ಆದುದರಿಂದ ವಿವೇಕಿಗಳಾದ ವೈದ್ಯರು ಕುಳಿಯನ್ನು ನೋಡಿ ವಿಧಾನವನ್ನು ಆರಿಸುತ್ತಾರೆ. ಕುಳಿ ಸಣ್ಣದಾಗಿ ಅಥವಾ ಮಧ್ಯಮವಾಗಿದ್ದು ಅಂಚಿನ ಸುತ್ತ ಎನಾಮಲ್ ಉಳಿದಿದ್ದರೆ ನೇರ ತುಂಬಿಕೆಯೇ ಸಾಕು. ಅದು ಹಲ್ಲನ್ನು ಹೆಚ್ಚು ಉಳಿಸುತ್ತದೆ, ಹಣವನ್ನೂ ಉಳಿಸುತ್ತದೆ. ಕುಳಿ ಬಹಳ ದೊಡ್ಡದಾಗಿ, ಹಲ್ಲಿನ ಉಬ್ಬುಗಳು ಬಿದ್ದುಹೋಗಿ, ಪಕ್ಕದ ಹಲ್ಲಿಗೆ ತಾಗುವ ಭಾಗವನ್ನು ಹೊಸದಾಗಿ ಕಟ್ಟಬೇಕಾದಲ್ಲಿ ಪರೋಕ್ಷ ತುಂಬಿಕೆಗೆ ತಕ್ಕ ಕಾರಣವಿರುತ್ತದೆ.

ಒಂದು ರಬ್ಬರಿನ ಹಾಳೆ

ಎರಡೂ ವಿಧಾನಗಳಿಗೆ ಸಮಾನವಾದ ನಿಯಮವೊಂದುಂಟು. ಅಂಟು ಹಿಡಿಯುವ ಕ್ಷಣದಲ್ಲಿ ಜೊಲ್ಲಾಗಲಿ ರಕ್ತವಾಗಲಿ ಹಲ್ಲನ್ನು ಸೋಂಕಬಾರದು. ಆಮ್ಲ ಹಚ್ಚಿ ತೊಳೆದ ಹಲ್ಲಿನ ಮೇಲೆ ಜೊಲ್ಲಿನ ಒಂದು ತೆಳುಪೊರೆ ಹರಡಿದರೂ ಸಾಕು, ರಾಚೆಸ್ಟರಿನ ಶೋಧನೆಯೂ ಜಪಾನಿನ ಶೋಧನೆಯೂ ವ್ಯರ್ಥವಾಗುತ್ತವೆ. ಇದಕ್ಕೆ ಬೇಕಾದ ಸಾಧನ ಬಹು ಹಳೆಯದು. ೧೮೬೪ರಲ್ಲಿ ನ್ಯೂಯಾರ್ಕಿನ ದಂತವೈದ್ಯ ಸ್ಯಾನ್‌ಫರ್ಡ್ ಬಾರ್ನಮ್ ತೆಳುವಾದ ರಬ್ಬರಿನ ಹಾಳೆಗೆ ತೂತು ಮಾಡಿ, ಅದರ ಮೂಲಕ ಹಲ್ಲೊಂದನ್ನೇ ಹೊರಗೆಳೆದು, ಉಳಿದ ಬಾಯನ್ನೆಲ್ಲ ಮರೆಮಾಡಿದನು. ಇಂದಿಗೂ ತುಂಬಿಕೆಯ ಅಂಚಿಗೆ ಆ ಹಾಳೆ ನೀಡುವ ನೆರವು ದೊಡ್ಡದು. ಕುರ್ಚಿಯಲ್ಲಿ ಕುಳಿತ ರೋಗಿಗೆ ಅದು ತುಸು ಕಿರುಕುಳವೆನಿಸಬಹುದು. ಅದನ್ನು ಸಹಿಸಿಕೊಂಡರೆ ಹಲ್ಲಿನ ಆಯುಸ್ಸಿಗೆ ಒಳ್ಳೆಯದು.

ಇಷ್ಟೆಲ್ಲ ಎಚ್ಚರಿಕೆ ಏತಕ್ಕೆಂದರೆ, ತುಂಬಿಕೆಯನ್ನು ಬದಲಾಯಿಸುವುದು ಅಂಗಿಯನ್ನು ಬದಲಾಯಿಸಿದಂತಲ್ಲ. ಹಳೆಯದನ್ನು ಕೊರೆದು ತೆಗೆಯುವಾಗಲೆಲ್ಲ ಅದರೊಡನೆ ಹಲ್ಲಿನ ಒಂದಿಷ್ಟು ಭಾಗವೂ ಹೋಗುತ್ತದೆ. ಸಣ್ಣ ಕುಳಿ ದೊಡ್ಡದಾಗುತ್ತದೆ, ದೊಡ್ಡದು ತಿರುಳನ್ನು ಮುಟ್ಟುತ್ತದೆ. ಆಮೇಲೆ ಬೇರಿನ ಚಿಕಿತ್ಸೆ, ಅದರ ಮೇಲೊಂದು ಟೋಪಿ, ಕಡೆಗೊಂದು ದಿನ ಇಕ್ಕಳ. ಆದುದರಿಂದ ಅಂಚಿನಲ್ಲಿ ತುಸು ಕಲೆ ಕಂಡೊಡನೆ ತುಂಬಿಕೆಯನ್ನು ಕಿತ್ತೊಗೆಯಬೇಕಾಗಿಲ್ಲ. ಕಲೆಯೆಲ್ಲ ಹುಳುಕಲ್ಲ, ಎಷ್ಟೋ ಸಲ ಅಂಚನ್ನು ನಯಗೊಳಿಸಿದರೆ ಅಥವಾ ಅಷ್ಟೇ ಭಾಗವನ್ನು ರಿಪೇರಿ ಮಾಡಿದರೆ ಸಾಕಾಗುತ್ತದೆ. ಯಾವುದು ಕಲೆ, ಯಾವುದು ಹುಳುಕು ಎಂಬುದನ್ನು ವೈದ್ಯರು ನೋಡಿ ಹೇಳಬೇಕು. ಅದಕ್ಕಾಗಿ ನೋವು ಬರುವವರೆಗೆ ಕಾಯದೆ ಆಗಾಗ ತೋರಿಸಿಕೊಳ್ಳುವುದು ಲೇಸು.

ತುಂಬಿಸಿಕೊಂಡವರ ಪಾಲಿನ ಕೆಲಸ ಇನ್ನೂ ಸರಳ. ದಿನಕ್ಕೆರಡು ಬಾರಿ ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜುವುದು, ಹಲ್ಲು ಹಲ್ಲುಗಳ ನಡುವಣ ತಳದ ಅಂಚಿನಲ್ಲಿ ಕೊಳೆ ನಿಲ್ಲದಂತೆ ದಾರದಿಂದ ಅಥವಾ ಸಣ್ಣ ಬ್ರಷ್ಷಿನಿಂದ ಶುಚಿಮಾಡುವುದು, ಹೊತ್ತು ಹೊತ್ತಿಗೂ ಸಿಹಿಯನ್ನು ಬಾಯಿಗೆ ಹಾಕಿಕೊಳ್ಳದಿರುವುದು. ಬಡಗಿ ಎಷ್ಟೇ ಚೆನ್ನಾಗಿ ಬಾ‌ಗಿಲನ್ನು ಕೂಡಿಸಿದರೂ ಹೊಸ್ತಿಲಿನ ಕಸವನ್ನು ಗುಡಿಸಬೇಕಾದವರು ಮನೆಯವರೇ.